ಎರಡನೇ ಪ್ಯಾನಲ್

ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಲ್ಯಾಂಪ್ ರೂಮಿನಲ್ಲಿ ಆದಿನಾರಾಯಣ ಇಪ್ಪತ್ತೆರಡು ವರ್ಷ ಒಂದೇ ಕೆಲಸ ಮಾಡಿಕೊಂಡು ಬಂದಿದ್ದ. ಮೇಲೆ ಬಂದವರ ತಲೆದೀಪ ಇಸಿದುಕೊಂಡು ಬ್ಯಾಟರಿಯನ್ನು ಚಾರ್ಜಿಗೆ ಹಾಕುವುದು, ಕೆಳಗಿಳಿಯುವವರ ಕೈಗೆ ತುಂಬಿದ ಬ್ಯಾಟರಿ ಕೊಡುವುದು. ಒಂದು ದಿನವೂ ಅವನು ಗಣಿಗೆ ಇಳಿದವನಲ್ಲ. ಇಳಿದವನು ಅಣ್ಣ ಚಿಕ್ಕಮುನಿಯಪ್ಪ. ತಮ್ಮನನ್ನು ಮೇಲಿನ ಕೆಲಸಕ್ಕೇ ಸೇರಿಸಬೇಕೆಂದು ಹಟ ಹಿಡಿದು ಸೇರಿಸಿ, ತಾನು ಇಪ್ಪತ್ತೇಳು ವರ್ಷ ಬಂಡೆ ಕೊರೆದು, ಎದೆತುಂಬ ಕಲ್ಲಿನ ಪುಡಿ ತುಂಬಿಕೊಂಡು ಮನೆ ಸೇರಿದ್ದ. ಮದುವೆಯಾಗದ ಅವನಿಗೆ ತಮ್ಮನ ಮನೆಯೇ ಮನೆ.

೧೯೮೯ರ ಬೇಸಗೆಯಲ್ಲಿ ಅವನ ಉಸಿರು ತೀರಾ ಕೆಟ್ಟಿತು. ಗಾಳಿ ಎದ್ದರೆ ಸಾಕು, ಚಿನ್ನ ತೆಗೆದು ಉಳಿದ ಪುಡಿ ಸುರಿದಿದ್ದ ಗಣಿಯ ಹಿಂದಿನ ಸೈನೈಡ್ ಗುಡ್ಡದಿಂದ ಬಿಳಿ ಧೂಳು ಹಾರಿಬಂದು ಕೂಲಿಗಳ ಲೈನ್ ಮನೆಗಳ ಅನ್ನದ ತಟ್ಟೆಯವರೆಗೂ ಕೂರುತ್ತಿತ್ತು. ಧೂಳಿಲ್ಲದ ಕಡೆ ಇಟ್ಟರೆ ಇನ್ನಷ್ಟು ದಿನ ತಳ್ಳಬಹುದು ಎಂದರು ಡಾಕ್ಟರು. ಆದಿನಾರಾಯಣ ಹರಾಜಿಗೆ ಬಂದಿದ್ದ ಹಳೇ ಆಂಬುಲೆನ್ಸ್ ವ್ಯಾನೊಂದನ್ನು ಹಿಡಿದ. ಒಳಗೊಂದು ಮಂಚ, ಸೀಮೆಎಣ್ಣೆ ಸ್ಟೌವು, ನೀರಿನ ಬಿಂದಿಗೆ ಇಟ್ಟು ಬೇತಮಂಗಲದ ಕೆರೆ ಏರಿಯ ಪಕ್ಕ ಹೊಂಗೆಮರದ ನೆರಳಿಗೆ ತಂದು ನಿಲ್ಲಿಸಿದ. ಹೆಂಡತಿ ವರಲಕ್ಷ್ಮಮ್ಮ ಭಾವನನ್ನು ನೋಡಿಕೊಳ್ಳಲು ಅಲ್ಲೇ ಉಳಿದಳು. ಅವನು ಬಸ್ಸಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತಿದ್ದ. ಮೊದಲ ದಿನವೇ ಹೆಂಡತಿಗೆ ಒಂದು ಮಾತು ಕಟ್ಟುನಿಟ್ಟಾಗಿ ಹೇಳಿದ: ಗಾಳಿ ಎದ್ದರೆ ಕಿಟಕಿ ಬಾಗಿಲು ಎಲ್ಲ ಮುಚ್ಚಬೇಕು, ಅಣ್ಣನಿಗೆ ಒಂದು ಚಿಟಿಕೆ ಧೂಳೂ ತಾಗಬಾರದು.

ಮಲಗಿದರೆ ಚಿಕ್ಕಮುನಿಯಪ್ಪನಿಗೆ ಮುಖಕ್ಕೆ ಗಾಳಿ ಬೇಕೇ ಬೇಕು. ಆಂಡರ್ಸನ್‌ಪೇಟೆಯ ರೇಡಿಯೋ ಮೆಕ್ಯಾನಿಕ್ ಪೆರುಮಾಳ್ ಎಲ್ಲಿಂದಲೋ ಒಂದು ಸೋಲಾರ್ ಪ್ಯಾನಲ್ ತಂದುಕೊಟ್ಟ. ಅದನ್ನು ಬಿಸಿಲಿಗೆ ಕಟ್ಟಿ, ಗಣಿಯಲ್ಲಿ ಬೇಡವೆಂದು ತಳ್ಳಿದ್ದ ತಲೆದೀಪದ ಬ್ಯಾಟರಿ ಮೂರನ್ನು ಒಟ್ಟಿಗೆ ಜೋಡಿಸಿ, ಬಸ್ಸಿನ ಪುಟ್ಟ ಫ್ಯಾನೊಂದನ್ನು ಓಡಿಸಿದರು. ಆದರೆ ನಡುರಾತ್ರಿಗೆ ಫ್ಯಾನು ನಿಂತುಬಿಡುತ್ತಿತ್ತು. ಅಲ್ಲಿಂದಾಚೆ ಬೆಳಗಿನವರೆಗೆ ಅಣ್ಣ ಎದ್ದು ಕೂತು ಮಂಡಿ ತಬ್ಬಿಕೊಂಡು ಒಂದೊಂದೇ ಉಸಿರನ್ನು ಎಳೆಯುವುದು, ವರಲಕ್ಷ್ಮಮ್ಮ ಬೀಸಣಿಗೆ ಹಿಡಿಯುವುದು.

ಆದಿನಾರಾಯಣ ಎರಡನೇ ಪ್ಯಾನಲ್ ಹಾಕಿಸಿದ. ಬ್ಯಾಟರಿ ಆರಾಯಿತು. ಉದ್ದ ವೈರಿನಲ್ಲಿ ಕರೆಂಟು ಸೋರಿ ಫ್ಯಾನು ಮಂಕಾಗುತ್ತದೆಂದು, ಹೊರಗೆ ಪ್ಯಾನಲ್ ಪಕ್ಕ ಇದ್ದ ಬ್ಯಾಟರಿ ಪೆಟ್ಟಿಗೆಯನ್ನು ತಂದು ಮಂಚದ ಕೆಳಗೆ ಇಟ್ಟ. ಬ್ಯಾಟರಿ ತುಂಬಿದ ಮೇಲೆ ಕರೆಂಟು ತಡೆಯುವ ಸಾಮಾನೊಂದು ಬೆಂಗಳೂರಿಂದ ಬರಬೇಕು, ಅದಿಲ್ಲದಿದ್ದರೆ ಬ್ಯಾಟರಿ ಕುದಿಯುತ್ತದೆ, ಅಲ್ಲಿಯವರೆಗೆ ಒಂದೇ ಪ್ಯಾನಲ್ ಸಾಕು ಎಂದು ಪೆರುಮಾಳ್ ಹೇಳಿದ್ದುಂಟು. ಇಪ್ಪತ್ತೆರಡು ವರ್ಷದಿಂದ ಬ್ಯಾಟರಿ ಜೊತೆಯಲ್ಲೇ ಬದುಕಿದವನು ನಾನು ಎಂದು ಆದಿನಾರಾಯಣ ನಕ್ಕುಬಿಟ್ಟ.

ಆ ರಾತ್ರಿ ಫ್ಯಾನು ನಿಲ್ಲಲಿಲ್ಲ. ಎಷ್ಟೋ ತಿಂಗಳ ಮೇಲೆ ಅಣ್ಣ ಬೆಳಗಿನವರೆಗೆ ಮಲಗಿದ. ಹನ್ನೊಂದು ದಿನ ಹೀಗೇ ನಡೆಯಿತು. ಮುದ್ದೆ ಮುಟ್ಟದವನು ಅರ್ಧ ಮುದ್ದೆ ಉಣ್ಣತೊಡಗಿದ. ಊರಿಗೆ ಹೋಗಿ ಬರೋಣ ಎಂದೂ ಒಮ್ಮೆ ಅಂದ.

ಹನ್ನೆರಡನೇ ದಿನ ಮಧ್ಯಾಹ್ನಕ್ಕೆ ಮುಂಚೆ ಬಿರುಗಾಳಿ ಎದ್ದಿತು. ಲ್ಯಾಂಪ್ ರೂಮಿನೊಳಗೆ ಬಿಳಿ ಧೂಳು ನುಗ್ಗಿತು. ಹೊಸದಾಗಿ ಸೇರಿದ್ದ ಒಬ್ಬ ಕಿಟಕಿ ಎಳೆಯಲು ಹೋದಾಗ ಜೊತೆಗಾರ ಆರುಮುಗಂ ತಡೆದ.

"ಮುಚ್ಬೇಡಪ್ಪಾ. ಬ್ಯಾಟರಿ ಕುದೀತಾ ಅವೆ. ಮುಚ್ಚಿದ್ರೆ ಆಸಿಡ್ ಹೊಗೆಗೆ ನಾವೇ ಉಸಿರು ಕಟ್ಕೊಂಡು ಸಾಯ್ತೀವಿ."

ಆದಿನಾರಾಯಣ ಕೈಯಲ್ಲಿದ್ದ ದೀಪವನ್ನು ಮೇಜಿನ ಮೇಲಿಟ್ಟ. ಹೊರಬಿದ್ದು ರಸ್ತೆಗೆ ಓಡಿದ. ಬೇತಮಂಗಲದ ಬಸ್ಸಿಗೆ ಕಾದದ್ದು ಎಷ್ಟು ಹೊತ್ತೆಂದು ಆಮೇಲೆ ಅವನಿಗೆ ನೆನಪೇ ಇರಲಿಲ್ಲ. ಬಸ್ಸು ಪ್ರತಿ ಸ್ಟಾಪಿನಲ್ಲೂ ನಿಂತಿತು. ಗಾಳಿ ಎದ್ದರೆ ಮುಚ್ಚು ಎಂದವನೂ ಅವನೇ, ಪೆಟ್ಟಿಗೆಯನ್ನು ಒಳಗಿಟ್ಟವನೂ ಅವನೇ. ಎರಡೂ ಒಂದೇ ದಿನ ಕೂಡಿಬರುತ್ತವೆಂದು ಹೊಳೆದಿರಲಿಲ್ಲ.

ಬತ್ತಿದ ಕೆರೆಯಂಗಳದ ಮಣ್ಣು ಎದ್ದು ಏರಿಯೇ ಕಾಣದಂತಾಗಿತ್ತು. ವ್ಯಾನಿನ ಬಾಗಿಲು, ಕಿಟಕಿ ಎಲ್ಲ ಮುಚ್ಚಿದ್ದವು. ಬಾಗಿಲು ಎಳೆದಾಗ ಹುಳಿ ಘಾಟು ಮೂಗಿಗೆ ಹೊಡೆಯಿತು. ವರಲಕ್ಷ್ಮಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಭಾವನ ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಚಿಕ್ಕಮುನಿಯಪ್ಪನ ತುಟಿ ನೀಲಿಯಾಗಿತ್ತು. ಆದಿನಾರಾಯಣ ಅಣ್ಣನನ್ನು ಎತ್ತಿಕೊಂಡು ಹೊರಗೆ ಬಂದು, ಧೂಳಿಗೆ ಬೆನ್ನುಕೊಟ್ಟು ಮರದ ಬುಡದಲ್ಲಿ ಕೂತ. ಅಣ್ಣ ಕಣ್ಣು ಬಿಟ್ಟು ತಮ್ಮನನ್ನು ಗುರುತಿಸಿದ.

"ಫ್ಯಾನು ಚೆನ್ನಾಗೇ ತಿರುಗ್ತೈತೆ ಕಣ್ಲಾ. ಗಾಳೀನೇ ಕಾರ."

ಪೆಟ್ಟಿಗೆಯನ್ನು ಹೊರಗೆಸೆದು, ಕಿಟಕಿಗಳನ್ನೆಲ್ಲ ತೆಗೆದು, ಅದೇ ವ್ಯಾನಿನಲ್ಲಿ ಆಸ್ಪತ್ರೆಗೆ ಹೊರಟರು. ಆಂಡರ್ಸನ್‌ಪೇಟೆ ಇನ್ನೂ ಸ್ವಲ್ಪ ದೂರವಿರುವಾಗಲೇ ಹಿಂದಿನಿಂದ ವರಲಕ್ಷ್ಮಮ್ಮ, ಇನ್ನು ಅವಸರವಿಲ್ಲ, ಮೆಲ್ಲಗೆ ಓಡಿಸು ಎಂದಳು.

ಆ ಎದೆಗೆ ಇನ್ನೆಷ್ಟು ದಿನ ಇತ್ತಪ್ಪ, ಹೆಚ್ಚೆಂದರೆ ತಿಂಗಳು ಎಂದರು ಡಾಕ್ಟರು. ಸುಖವಾಗಿ ನೋಡಿಕೊಂಡೆ, ಒಡಹುಟ್ಟಿದವನೆಂದರೆ ನೀನು ಎಂದರು ಮಣ್ಣಿಗೆ ಬಂದವರು. ಆದಿನಾರಾಯಣ ಎಲ್ಲಕ್ಕೂ ತಲೆಯಾಡಿಸಿದ. ಆ ಒಂದು ತಿಂಗಳೂ ಅಣ್ಣನದೇ ಅಲ್ಲವೇ ಎಂಬುದೊಂದೇ ಅವನ ಒಳಗೆ ಸುತ್ತುತ್ತಿತ್ತು.

ಹನ್ನೊಂದನೇ ದಿನದ ಕಾರ್ಯ ಮುಗಿದು ನೆಂಟರು ಹೋದ ಮೇಲೆ ಹೆಂಡತಿಗೆ ಹೇಳಿಬಿಟ್ಟ.

"ಅಣ್ಣ ದಮ್ಮಿನಿಂದ ಸಾಯ್ಲಿಲ್ಲ ಕಣೆ. ಆ ಪೆಟ್ಟಿಗೆ ಒಳಗಿಟ್ಟು ನಾನೇ ಸಾಯಿಸ್ದೆ."

ಅವಳು ತೊಳೆಯುತ್ತಿದ್ದ ಪಾತ್ರೆಯನ್ನು ಕೆಳಗಿಡಲಿಲ್ಲ.

"ನಂಗೂ ವಾಸ್ನೆ ಬಂತು. ಕಿಟಕಿ ತೆಗೀಲಾ ಅಂತ ಎಲ್ಡು ಸಲ ಎದ್ದೆ. ದೂಳು ತಾಗಬಾರ್ದು ಅಂತ ನೀನು ಹೇಳಿದ್ಯಲ್ಲಾ ಅಂತ ಕೂತ್ಕಂಬುಟ್ಟೆ. ನೀನು ಇರ್ಲಿಲ್ಲ. ನಾನು ಅಲ್ಲೇ ಇದ್ದೆ."

ನಿನ್ನದೇನೂ ತಪ್ಪಿಲ್ಲ ಎಂದು ಅವನು ಹೇಳಬೇಕಿತ್ತು. ಹೇಳಿದರೆ ಅವಳು ಅದನ್ನೇ ತನಗೂ ಹೇಳಿಯಾಳು, ಆಗ ತಾನದನ್ನು ನಂಬಿಬಿಡಬಹುದು ಎಂದು ಅಂಜಿ ಸುಮ್ಮನಾದ. ಅವಳು ಪಾತ್ರೆ ಬೋರಲು ಹಾಕಿ ಒಳಗೆ ಹೋದಳು.

ಮುಂದೆ ಅವರಿಬ್ಬರೂ ಆ ಮಾತು ಎತ್ತಲಿಲ್ಲ. ಒಬ್ಬರನ್ನೊಬ್ಬರು ದೂರಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಆದಿನಾರಾಯಣ ಲ್ಯಾಂಪ್ ರೂಮು ಬಿಟ್ಟು ಗೇಟಿನ ಕೆಲಸ ಕೇಳಿ ಪಡೆದ. ಯಾಕೆ ಎಂದು ಕೇಳಿದವರಿಗೆ ಕಣ್ಣುರಿ ಎಂದ.