ನೋಡೋಣ ಅಂದದ್ದು

“ಸರಿ, ‘ನೋಡೋಣ’ ಅಂದ್ರೆ ಏನರ್ಥ ಹೇಳಿ?” ಎಂದು ಲೈಫ್ ಕೋಚ್ ವೇದಿಕೆಯ ಅಂಚಿಗೇ ಬಂದು ಕೇಳಿದಳು. ಸಭಾಂಗಣದಲ್ಲಿ ಆಗಲೇ ನಗು ಶುರುವಾಗಿತ್ತು. “ಮನೆಗೆ ಬನ್ನಿ ಅಂದ್ರೆ ನೋಡೋಣ. ಮೇಲಿನವರ ಹತ್ರ ರಜೆ ಕೇಳಿದ್ರೆ ನೋಡೋಣ. ಬರಲ್ಲ, ಕೊಡಲ್ಲ ಅಂತ ತಾನೆ? ನೋಡೋಣ ಅನ್ನೋದು ಒಳ್ಳೆ ಬಟ್ಟೆ ಹಾಕ್ಕೊಂಡಿರೋ ‘ಇಲ್ಲ’. ಅಷ್ಟೇ.”

ಚಪ್ಪಾಳೆ ಬಿತ್ತು. ಮುಂದಿನ ಸಾಲಿನ ಬೋಳುತಲೆಯವರು ಅದನ್ನು ಬರೆದುಕೊಂಡರು. ಅಷ್ಟರಲ್ಲಿ ಸ್ಪೀಕರುಗಳು ಕುಯ್ಯೋ ಎಂದು ಅರಚಿದವು. ಹಿಂದಿನ ಗೋಡೆಯ ಬಳಿ ಮೇಜು ಹಾಕಿಕೊಂಡಿದ್ದ ಮೈಕಿನವರು ತಲೆ ತಗ್ಗಿಸಿ ಸರಿಮಾಡಿದರು. ಆಕೆಯ ಕಾರ್ಯಕ್ರಮಗಳಿಗೆಲ್ಲ ಧ್ವನಿ ನೋಡಿಕೊಳ್ಳುವವರು ಅವರೇ. ಇಷ್ಟು ವರ್ಷದಲ್ಲಿ ಒಮ್ಮೆಯೂ ಅವರ ಕೈ ತಪ್ಪಿರಲಿಲ್ಲ. “ನೋಡಿ, ಮೈಕಿಗೂ ನಾಟ್ತು,” ಎಂದು ಆಕೆ ನಗಿಸಿ, ವಿರಾಮ ಕೊಟ್ಟಳು.

ವೇದಿಕೆಯ ಹಿಂದಿನ ಕೋಣೆಯಲ್ಲಿ ತಂಗಿ ಕಾಯುತ್ತಿದ್ದಳು. ಅಕ್ಕನ ಕಾರ್ಯಕ್ರಮಗಳ ಓಡಾಟವೆಲ್ಲ ಅವಳದು, ಅಕ್ಕನ ಬಂಡವಾಳ ಗೊತ್ತಿದ್ದದ್ದೂ ಅವಳಿಗೇ. ನಸುಕಿನಲ್ಲೇ ಏಳಿ ಎಂದು ಊರಿಗೆಲ್ಲ ಹೇಳುವವಳನ್ನು ಇವತ್ತು ಹೊದಿಕೆ ಎಳೆದು ಎಬ್ಬಿಸಿದ್ದು ಅವಳು. ವರ್ಷಗಳ ಹಿಂದೆ, ಸುಖ ದಾಂಪತ್ಯದ ಬಗ್ಗೆ ಮಾತಾಡಿ ಬಂದ ಸಂಜೆಯೇ ಅಕ್ಕನ ಗಂಡ ಪೆಟ್ಟಿಗೆ ಕಟ್ಟಿಕೊಂಡು ಹೊರಟದ್ದನ್ನು ಕಂಡವಳೂ ಅವಳೇ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ಛೇಡಿಸುವುದು ಅವಳ ವಾಡಿಕೆ. ಇವತ್ತು ಛೇಡಿಸಲಿಲ್ಲ.

“ಅಕ್ಕಾ, ಮುಂದಿನ ಸಲದಿಂದ ಬೇರೆಯವರನ್ನ ಕರ್ಕೊಳ್ಳಿ ಅಂದ್ರು ಮೈಕಿನವರು.”

“ಯಾಕಂತೆ?”

“ನನ್ನ ಕೇಳ್ತೀಯಲ್ಲ. ಹೋದ ವಾರ ಅವರು ಮದುವೆ ಆಗೋಣ್ವಾ ಅಂತ ಕೇಳಿದಾಗ ನೀನೇನಂದೆ?”

ಆಕೆ ಎತ್ತಿದ್ದ ನೀರಿನ ಲೋಟ ಕೆಳಗಿಟ್ಟಳು. “ನೋಡೋಣ ಅಂದೆ.”

ತಂಗಿ ಹಣೆ ಚಚ್ಚಿಕೊಂಡಳು. “ಈಗ ಅಷ್ಟು ಜನರ ಮುಂದೆ ಅದಕ್ಕೆ ಅರ್ಥಾನೂ ಹೇಳಿ ಬಂದ್ಯಲ್ಲ, ಪುಣ್ಯಾತ್ಗಿತ್ತಿ.”

ಅವತ್ತು ಅವರು ಮೊಣಕೈಗೆ ವೈರು ಸುತ್ತುತ್ತ, ಮುಖ ಎತ್ತದೆ ಕೇಳಿದ್ದರು. ಆಕೆಯ ಬಾಯಿಂದ ಬಂದದ್ದು ಅದೊಂದೇ ಮಾತು. ಆಮೇಲೆ ವಾರವಿಡೀ ನೆಲದ ಮೇಲೆ ಕಾಲು ನಿಂತಿರಲಿಲ್ಲ. ಪಾತ್ರೆ ತೊಳೆಯುವಾಗಲೂ ಹಾಡು. ಆಕೆಗೆ ಆ ಮನುಷ್ಯ ಬೇಕಾಗಿತ್ತು. ಒಮ್ಮೆ ಸಂಸಾರ ಮುರಿದುಕೊಂಡವಳಿಗೆ ಹೂಂ ಎನ್ನಲು ಧೈರ್ಯ ಸಾಲದೆ ಹೋಗಿತ್ತು, ಅಷ್ಟೆ.

“ಹೋಗಿ ಮಾತಾಡು,” ಎಂದಳು ತಂಗಿ. ಆದರೆ ವಿರಾಮ ಮುಗಿದ ಗಂಟೆ ಬಾರಿಸಿತ್ತು, ಜನ ಆಗಲೇ ಬಂದು ಕೂತಿದ್ದರು. ಆಕೆ ಎರಡೆರಡು ಮೆಟ್ಟಿಲು ಹಾರಿ ವೇದಿಕೆ ಹತ್ತಿದಳು.

“ವಿರಾಮಕ್ಕೆ ಮುಂಚೆ ನಾನು ಹೇಳಿದ್ದು ತಪ್ಪು,” ಎಂದಳು.

“ಮೇಡಂ, ನಾನು ಬರ್ಕೊಂಡ್ಬಿಟ್ಟಿದೀನಿ,” ಎಂದರು ಬೋಳುತಲೆಯವರು.

“ಹೊಡೆದುಹಾಕಿ ಸರ್. ಕೆಲವರು ನೋಡೋಣ ಅಂದ್ರೆ ಹೆದರಿದ್ದಾರೆ ಅಂತ. ನಾನೂ ಅಂಥವಳೇ. ಹೋದ ವಾರ ಒಬ್ಬರು ನನ್ನ ಒಂದು ಮಾತು ಕೇಳಿದ್ರು. ಮನಸ್ಸು ತುಂಬ ಒಪ್ಪಿಗೆ ಇಟ್ಕೊಂಡು ನೋಡೋಣ ಅಂದ್ಬಿಟ್ಟೆ.”

ಸಭೆಯಲ್ಲಿ ಗುಸುಗುಸು ಎದ್ದಿತು. ಕೋಚ್ ಬಾಯಿಂದ ಇಂಥದ್ದು ಕೇಳಲು ಯಾರೂ ಟಿಕೆಟ್ ಕೊಂಡು ಬಂದಿರಲಿಲ್ಲ. ಇಷ್ಟು ವರ್ಷ ಕಟ್ಟಿದ ಹೆಸರು ಇವತ್ತಿಗೇ ಮುಗಿಯಿತೇನೋ ಎಂದು ಆಕೆಗೆ ಒಂದು ಕ್ಷಣ ಅನ್ನಿಸಿತು. ಆದರೂ ಎದೆಯಲ್ಲಿ ಡೋಲು ಬಾರಿಸುತ್ತಿದ್ದದ್ದು ಭಯಕ್ಕಲ್ಲ.

“ಹಾಗಾದ್ರೆ ಈಗ ಏನಂತೀರಿ ಮೇಡಂ?” ಎಂದು ನಡುವಿನ ಸಾಲಿನಿಂದ ಒಬ್ಬ ಹೆಂಗಸು ಕೇಳಿದಳು.

ಆಕೆ ತಲೆಗಳ ಸಾಲು ದಾಟಿ ಹಿಂದಿನ ಗೋಡೆಯತ್ತ ನೋಡಿದಳು. ಮೈಕಿಲ್ಲದೆ ಸಭೆ ತುಂಬುತ್ತಿದ್ದ ಗಂಟಲು ಎಲ್ಲಿ ಹೋಯಿತೋ, ಕಾಲರಿಗೆ ಸಿಕ್ಕಿಸಿದ ಮೈಕಿಗಷ್ಟೇ ತಾಗುವಂತೆ “ಹೂಂ” ಅಂದಳು.

“ಕೇಳಿಸ್ಲಿಲ್ಲ,” ಎಂದು ಹಿಂದಿನ ಸಾಲಿನ ಜನ ಕೂಗಿದರು. ಸ್ವಲ್ಪ ಜೋರು ಮಾಡಿ ಎಂಬಂತೆ ಒಂದಷ್ಟು ಜನ ಮೈಕಿನವರ ಕಡೆ ತಿರುಗಿದರು. ಅವರು ಗುಂಡಿ ಮುಟ್ಟಲಿಲ್ಲ. ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತಿದ್ದರು.