ಮುನ್ನೂರು ನಗುಮುಖಗಳು

"ಮಗನೇ, ನೀನು ಹೇಳಿದ್ಹಾಗೇ ಲ್ಯಾಪ್‌ಟಾಪ್ ತೊಳ್ದೆ. ಬಿಸಿನೀರು, ಆಲಿವ್ ಸೋಪು. ಮಾಳಿಗೆ ಮೇಲೆ ಒಣಗಿಸ್ದೆ. ಈಗ ದೀಪಾನೇ ಹತ್ತುತ್ತಿಲ್ಲ. ಮೂವತ್ತು ವರ್ಷದ ಕಸೂತಿ ನಮೂನೆ ಎಲ್ಲಾ ಅದ್ರಲ್ಲೇ ಇವೆ. ಮುಂದೇನು ಮಾಡ್ಲಿ?"

ಸಂದೇಶ ಗಟ್ಟಿಯಾಗಿ ಓದಿದ ಶುಕ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. "ತೊಳ್ದೇಬಿಟ್ಟಿದಾಳೆ ಕಣೇ ಮುದುಕಿ!"

ಎದುರಿಗಿದ್ದ ರೌಧಾಗೆ ನಗು ಬರಲಿಲ್ಲ. ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಹೊಸಬರಾದವರು ಹೆದರದೆ ಏನು ಬೇಕಾದರೂ ಕೇಳಲಿ ಎಂದು ಇಬ್ಬರೂ ಸ್ಫಾಕ್ಸ್ ಊರಿನ ಇದೇ ಕೆಫೆಯಲ್ಲಿ ಕೂತು ಆನ್‌ಲೈನ್ ಗುಂಪು ಕಟ್ಟಿದ್ದರು. ಅದರ ಹೆಸರು 'ಸ್ವಾಗತ'. ಮೊನ್ನೆ ಮೊಂಜಿಯಾ ಎಂಬ ಕಸೂತಿಯವಳು ಅಲ್ಲಿ ಕೇಳಿದ್ದಳು: ಪಾಸ್‌ವರ್ಡ್ ಒತ್ತಿದರೆ ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡುತ್ತಿಲ್ಲ, ಕೀಲಿಮಣೆ ಕೆಟ್ಟಿದೆಯೇ? ಲಿನಕ್ಸ್‌ನಲ್ಲಿ ಆದೇಶ ಬರೆಯುವ ಕಪ್ಪು ಕಿಟಕಿಯಲ್ಲಿ ಪಾಸ್‌ವರ್ಡ್ ಕಾಣುವುದೇ ಇಲ್ಲ. ಒತ್ತಿ ಎಂಟರ್ ಕೊಟ್ಟರಾಯಿತು. ಒಂದು ಸಾಲಿನ ಉತ್ತರ. ಅದು ಬಿಟ್ಟು ಶುಕ್ರಿ ಬರೆದದ್ದು, 'ಕೀಲಿಗಳಿಗೆ ಜಿಡ್ಡು ಹಿಡಿದಿದೆ, ಸೋಪು ಹಾಕಿ ತೊಳೆಯಿರಿ.' ಕೆಳಗೆ ಮುನ್ನೂರು ಜನ ನಗುಮುಖ ಒತ್ತಿದ್ದರು. ಥೂ, ಇವರ ಸ್ವಾಗತಕ್ಕಿಷ್ಟು ಬೆಂಕಿ ಬೀಳ.

"ನಾಚಿಕೆ ಆಗಲ್ವಾ ನಿಂಗೆ?"

"ತಮಾಷೆ ಅಂತ ಗೊತ್ತಾಗ್ಬಾರ್ದಾ? ನೀನೇನ್ ಸಾಚಾನಾ? ನೋಡ್ಕೋ." ಶುಕ್ರಿ ಫೋನು ತಿರುಗಿಸಿದ. ನಕ್ಕವರಲ್ಲಿ ಮೊದಲ ಹೆಸರೇ ರೌಧಾಳದು.

ಬಸ್ಸಿನಲ್ಲಿ ನಿಂತು, ಓದಿಯೂ ಓದದ ಹಾಗೆ ಒತ್ತಿದ್ದಳು. ಶುಕ್ರಿಯ ಮೇಲೆ ಬಂದದ್ದಕ್ಕಿಂತ ದೊಡ್ಡ ಅಸಹ್ಯ ತನ್ನ ಮೇಲೆ ಬಂತು. ಮೊಂಜಿಯಾಗೆ ಬರೆದು ವಿಳಾಸ ತರಿಸಿಕೊಂಡು, ಸಣ್ಣ ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿಕೊಂಡು ಎದ್ದಳು. ಡಿಸ್ಕಿನೊಳಗೆ ನೀರು ಇಳಿಯದಿದ್ದರೆ ನಮೂನೆಗಳು ಉಳಿದಿರಬಹುದು.

ಮನೆಯಲ್ಲಿ ಮೊಂಜಿಯಾ ಲ್ಯಾಪ್‌ಟಾಪನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ಅದನ್ನು ಮುಟ್ಟಲು ಬಿಡದೆ ಮೊದಲು ಖರ್ಜೂರದ ಸಿಹಿ ತಂದಿಟ್ಟಳು.

"ತಿನ್ನು ಮಗಳೇ. ಆ ಹುಡುಗನ್ನೂ ಕರ್ಕೊಂಡು ಬರ್ಬಾರ್ದಿತ್ತಾ? ಅಷ್ಟು ಜನರಲ್ಲಿ ಉತ್ತರ ಕೊಟ್ಟಿದ್ದು ಅವನೊಬ್ನೇ. ಮಿಕ್ಕೋರು ಪಾಪ, ನಗುಮುಖ ಕಳಿಸಿ ಧೈರ್ಯ ಹೇಳಿದ್ರು."

ರೌಧಾ ತಲೆಯೆತ್ತದೆ ಸ್ಕ್ರೂ ತಿರುಗಿಸುತ್ತಿದ್ದಳು. "ನಾನೂ ಕಳಿಸಿದ್ದೆ, ಚಿಕ್ಕಮ್ಮ."

"ಗೊತ್ತು ಬಿಡು. ನಿನ್ನ ಹೆಸರೇ ಮೊದ್ಲಿತ್ತು. ಅದಕ್ಕೇ ತಾನೇ ಕೂಡ್ಲೇ ವಿಳಾಸ ಕೊಟ್ಟಿದ್ದು."

ಮುಚ್ಚಳ ಬಿಟ್ಟಿತು. ಡಿಸ್ಕಿನ ಗೂಡಿನಿಂದ ಸೋಪಿನ ವಾಸನೆಯ ನೀರು ರೌಧಾಳ ಬೆರಳ ಮೇಲೆ ಹರಿದು, ಬಿಳಿ ಬಟ್ಟೆಯಲ್ಲಿ ಇಂಗಿತು.