ಹಳದಿ ನಂಬರಿನ ಮರಗಳು

ಮೊದಲೇ ಹೇಳಿಬಿಡುತ್ತೇನೆ, ಆ ಅರವತ್ತು ಮರಗಳಿಗೆ ಹಳದಿ ಬಣ್ಣದಲ್ಲಿ ನಂಬರ್ ಬರೆದವಳು ನಾನೇ. ಯಾರೂ ಒತ್ತಾಯ ಮಾಡಿರಲಿಲ್ಲ.

ಘಾಜಿಯಾಬಾದ್ ಹತ್ತಿರದ ಕಾಲುವೆ ದಂಡೆಯಲ್ಲಿ 1988ರಲ್ಲಿ ಶೀಶಮ್ ನೆಟ್ಟಿದ್ದರು, ನಮ್ಮ ಬೀಟೆಯ ದಾಯಾದಿ. ಅವುಗಳಲ್ಲಿ ಅರವತ್ತನ್ನು ಆರಿಸಿಕೊಂಡು ಪ್ರತಿ ಫೆಬ್ರವರಿಯಲ್ಲಿ ಎದೆಮಟ್ಟಕ್ಕೆ ಟೇಪು ಸುತ್ತಿ ದಪ್ಪ ಅಳೆಯುವುದು ಹನ್ನೆರಡು ವರ್ಷಗಳಿಂದ ನನ್ನ ಕೆಲಸ. ದೆಹಲಿಯ ನಮ್ಮ ಅರಣ್ಯ ಸಂಶೋಧನಾ ಕಚೇರಿಯಲ್ಲಿ ನನ್ನನ್ನು ‘ಟೇಪ್ ಮೇಡಂ’ ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ.

2005ರ ಕೊನೆಗೆ ಹೊಸ ನಿಯಮದ ಕರಡು ಬಂತು: ನೆಟ್ಟ ಶೀಶಮ್ ಮರವನ್ನು ಹದಿನೈದು ವರ್ಷಕ್ಕೇ ಕಡಿಯಬಹುದು. ನನಗೆ ಮೈ ಉರಿಯಿತು. ಆ ಮರ ಮೈತುಂಬಿಕೊಳ್ಳುವುದೇ ಹದಿನೈದರ ನಂತರ ಎಂದು ನನ್ನ ಅಳತೆಗಳು ಹೇಳುತ್ತಿದ್ದವು. ಆದರೆ ಹದಿನೈದು ದಾಟಿದ ಮೇಲಿನದು ಎರಡೇ ವರ್ಷದ ಅಳತೆ ಇತ್ತು. ಕರಡನ್ನು ಪರಿಶೀಲಿಸುವ ಸಮಿತಿ ಮೂರು ವರ್ಷದ್ದು ಕೇಳಿತು. ಮೂರನೆಯದು ಬರುವ ಫೆಬ್ರವರಿಯದು. ಎಡವಟ್ಟಾಗಬಾರದೆಂದು ಜನವರಿಯಲ್ಲೇ ಹೋಗಿ, ಮಾಸಿದ ನಂಬರುಗಳನ್ನೆಲ್ಲ ದಪ್ಪಗೆ ತಿದ್ದಿ ಬಂದೆ.

ಫೆಬ್ರವರಿಯಲ್ಲಿ, ಸಮಿತಿಯ ಸಭೆಗೆ ಮುಂಚಿನ ಶುಕ್ರವಾರ ಟೇಪು ಹಿಡಿದು ಹೋದರೆ, ದಂಡೆಯ ಮೇಲೆ ನಂಬರಿಲ್ಲದ ಮರಗಳು ಮಾತ್ರ ನಿಂತಿದ್ದವು. ನನ್ನ ಅರವತ್ತೂ ಮೊಣಕಾಲೆತ್ತರದ ಬೊಡ್ಡೆಗಳಾಗಿದ್ದವು. ರಸ್ತೆ ಅಗಲ ಮಾಡುವ ಗುತ್ತಿಗೆದಾರನ ಮೇಸ್ತ್ರಿ ಹಗ್ಗ ಸುತ್ತಿಡುತ್ತಿದ್ದ.

“ರಸ್ತೆಗೆ ಅಂತ ನಂಬರ್ ಹಾಕಿರೋದನ್ನ ಕಡೀರಿ ಅಂದ್ರು, ಕಡಿದ್ವಿ ಮೇಡಂಜಿ,” ಎಂದ ಹಿಂದಿಯಲ್ಲಿ. “ಎಷ್ಟು ಸಾಫಾಗಿ ಬರೆದಿದ್ರು! ಒಂದನ್ನೂ ಬಿಟ್ಟಿಲ್ಲ.”

ದಿಮ್ಮಿಗಳು ಹಿಂದಿನ ದಿನವೇ ಲಾರಿ ಹತ್ತಿ, ಮಂಚ ಸೋಫಾ ಮಾಡುವವರ ಪಾಲಾಗಿದ್ದವು. ಬೈಯಲು ಬಾಯಿ ತೆರೆದೆ, ಯಾರನ್ನು ಬೈಯಲಿ? ಮಣ್ಣಿನಲ್ಲೇ ಮಂಡಿಯೂರಿ ಬೊಡ್ಡೆಗಳ ಉಂಗುರಗಳನ್ನು ಅಳೆಯತೊಡಗಿದೆ. ಕೊನೆಯ ಮೂರು ಉಂಗುರಗಳು ಎಲ್ಲಕ್ಕಿಂತ ಅಗಲವಾಗಿದ್ದವು. ನಾನು ಹೇಳಿದ್ದು ನಿಜವಾಗಿತ್ತು. ಅಳು ಬಂತು, ಅತ್ತುಬಿಟ್ಟೆ.

ಸೋಮವಾರ ಸಭೆಗೆ ಮುಂಚೆ ಆ ಲೆಕ್ಕವನ್ನು ನಿರ್ದೇಶಕ ಅನಂತಮೂರ್ತಿಯವರ ಮುಂದಿಟ್ಟೆ. ಅವರು ಮೈಸೂರಿನವರು, ನನ್ನ ಜೊತೆ ಕನ್ನಡದಲ್ಲೇ ಮಾತು.

“ಬೊಡ್ಡೆ ಅಳತೇನಾ ಅಹಲ್ಯಾ? ಎದೆಮಟ್ಟದ್ದು ಬಿಟ್ಟು ಬೇರೆ ಅಳತೆ ತಗೋಬಾರದು ಅಂತ ಕೈಪಿಡೀಲಿ ಬರೆದೋರು ಯಾರಮ್ಮ?”

“ನಾನೇ ಸರ್.”

“ಹೋದ ವರ್ಷ ನಿನ್ನ ಜೂನಿಯರ್ ಹಂಸಾಳ ಒಂದು ವರ್ಷದ ಕೆಲಸಾನ ಇದೇ ಕಾರಣಕ್ಕೆ ವಾಪಸ್ ಕಳಿಸಿದ್ದು ಯಾರು?”

“ನಾನೇ. ಆದ್ರೆ ಉಂಗುರ ಸುಳ್ಳು ಹೇಳಲ್ಲ ಸರ್.”

“ಅಚ್ಛಾ. ಆವತ್ತು ಹಂಸಾನೂ ಇದೇ ಮಾತು ಹೇಳಿದ್ಲು.”

ಲೆಕ್ಕದ ಹಾಳೆಗಳನ್ನು ಎತ್ತಿಕೊಂಡೆ. ಹೊರಗೆ ಬಂದಾಗ ಹಂಸಾ ತನ್ನ ಮೇಜಿನಲ್ಲೇ ಕುಳಿತಿದ್ದಳು. ಎಲ್ಲವೂ ಕೇಳಿಸಿರಬೇಕು, ತಲೆ ಎತ್ತಲಿಲ್ಲ.

ನನ್ನ ವರದಿಯಲ್ಲಿ ಮೂರನೆಯ ವರ್ಷದ ಕಾಲಂ ಖಾಲಿಯಾಗಿಯೇ ಸಭೆಗೆ ಹೋಯಿತು. ಹದಿನೈದು ವರ್ಷದ ನಿಯಮ ಹತ್ತು ನಿಮಿಷದಲ್ಲಿ ಪಾಸಾಯಿತು. ನಡುವೆ ಸಮೋಸಾ ಕೊಟ್ಟರು.

ಏಪ್ರಿಲ್‌ನಲ್ಲಿ ರಸ್ತೆಯವರ ಪತ್ರ ಬಂತು. ದಂಡೆಯಲ್ಲಿ ಉಳಿದ ಶೀಶಮ್‌ಗಳಿಗೆಲ್ಲ ಹದಿನೈದು ದಾಟಿದೆ, ಹೊಸ ನಿಯಮದಂತೆ ಕಡಿಯಲಿದ್ದೇವೆ, ಕಳೆದ ಸಲದಂತೆ ಸ್ಪಷ್ಟವಾಗಿ ನಂಬರ್ ಹಾಕಿಕೊಡಬೇಕು ಎಂದಿತ್ತು. ಪತ್ರದ ಅಂಚಿನಲ್ಲಿ ಅನಂತಮೂರ್ತಿಯವರು ನನ್ನ ಹೆಸರು ಬರೆದು ಸಹಿ ಹಾಕಿದ್ದರು.

ಕಪಾಟು ತೆರೆದೆ. ಡಬ್ಬಿಯಲ್ಲಿ ಹಳದಿ ಬಣ್ಣ ಇನ್ನೂ ಅರ್ಧ ಉಳಿದಿತ್ತು.